ಆರು, ಏಳು, ಒಂಬತ್ತರ ಬೆನ್ನು ಹತ್ತಿ

ಕೆನ್ಯಾದ ಕರಾವಳಿಯಲ್ಲಿ ಮಾಲಿಂದಿ ಸುತ್ತಮುತ್ತ ಗಿರ್ಯಾಮ ಭಾಷೆ ಆಡುವವರಿದ್ದಾರೆ. ಅದು ಸ್ವಾಹಿಲಿಯದೇ ಒಂದು ಉಪಭಾಷೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಮಾಧಾನವಾಗುತ್ತಿರಲಿಲ್ಲ. ಹಳೆಯ ಪದಪಟ್ಟಿಗಳನ್ನೇ ಕೇಳೋಣವೆಂದು ಹೊರಟೆ.

ಮೊದಲ ತೊಡಕು ಹೆಸರಿನದು. ಗಿರ್ಯಾಮ, ಡಿಗೊ, ಡುರುಮ, ರಬಾಯಿ ಮೊದಲಾದ ಒಂಬತ್ತು ಸಮುದಾಯಗಳಿಗೆ ‘ಮಿಜಿಕೆಂಡ’ ಎಂಬ ಒಟ್ಟು ಹೆಸರು ಬಳಕೆಗೆ ಬಂದದ್ದು 1940ರ ದಶಕದಲ್ಲಿ. 19ನೇ ಶತಮಾನದ ಕಾಗದಪತ್ರಗಳಲ್ಲಿ ಅವರೆಲ್ಲ ‘ನಿಕಾ’. ಆ ಹೆಸರು ಹಿಡಿದು ಹುಡುಕಿದರೆ ಸಿಗುವುದು ಜರ್ಮನ್ ಮಿಷನರಿ ಯೋಹಾನ್ ಲುಡ್ವಿಗ್ ಕ್ರಾಫ್ 1850ರಲ್ಲಿ ಟ್ಯೂಬಿಂಗನ್‌ನಲ್ಲಿ ಅಚ್ಚು ಹಾಕಿಸಿದ ಆರು ಭಾಷೆಗಳ ಪದಕೋಶ. ಅದರಲ್ಲಿ ಸ್ವಾಹಿಲಿ ಬೇರೆ, ಕಿನಿಕಾ ಅಂದರೆ ನಿಕಾ ಭಾಷೆ ಬೇರೆ. ಕ್ರಾಫ್ ಮತ್ತು ಯೋಹಾನೆಸ್ ರೆಬ್ಮನ್ 1846ರಲ್ಲಿ ಮೊಂಬಾಸಾ ಬಳಿಯ ರಬಾಯಿಯಲ್ಲಿ ನೆಲೆ ನಿಂತವರು. ಇಬ್ಬರ ನಿಕಾ ನಿಘಂಟು ಹೊರಬಂದದ್ದು 1887ರಲ್ಲಿ, ಇಬ್ಬರೂ ತೀರಿಹೋದ ಮೇಲೆ. 1891ರಲ್ಲಿ ಡಬ್ಲ್ಯು. ಇ. ಟೇಲರ್ ಗಿರ್ಯಾಮಕ್ಕೆಂದೇ ಒಂದು ಪದಸಂಗ್ರಹ ತಂದರು.

ಬೇರೆ ಬೇರೆ ಬರೆದುಕೊಂಡ ಮಾತ್ರಕ್ಕೆ ಭಾಷೆ ಬೇರೆಯಾಗದು. ಹಾಗಾಗಿ ಸಂಖ್ಯೆಗಳಿಗೆ ಕೈ ಹಾಕಿದೆ. ಇಂದಿನ ಸ್ವಾಹಿಲಿಯಲ್ಲಿ ಆರು, ಏಳು, ಒಂಬತ್ತು ಎಂದರೆ ಸಿಟಾ, ಸಬಾ, ಟಿಸಾ. ಮೂರೂ ಅರಬ್ಬಿಯಿಂದ ಬಂದವು. ಗಿರ್ಯಾಮದಲ್ಲಿ ಹಂಡಹು, ಫುಂಗಹೆ, ಚೆಂಡ. ಹಾಗಾದರೆ ಗಿರ್ಯಾಮವೇ ಹಳೆಯ ರೂಪವೇ? ಆ ಊಹೆಯೂ ನಿಲ್ಲಲಿಲ್ಲ. ಹಳೆಯ ಸ್ವಾಹಿಲಿಯಲ್ಲಿ ಇವೇ ಸಂಖ್ಯೆಗಳು ಟಂಡಟು, ಫುಂಗಟೆ, ಕೆಂಡ. ಮದುವೆಯ ಏಳು ದಿನಗಳಿಗೆ ಫುಂಗಟೆ ಎಂಬ ಹೆಸರು ಸ್ವಾಹಿಲಿಯಲ್ಲಿ ಉಳಿದೇ ಇದೆ. ಎರಡು ಸಾಲನ್ನೂ ಅಕ್ಕಪಕ್ಕ ಇಟ್ಟಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ: ಸ್ವಾಹಿಲಿಯ ಟಕಾರ ಇದ್ದಲ್ಲಿ ಗಿರ್ಯಾಮದಲ್ಲಿ ಹಕಾರ. ಮೂರು ಅಲ್ಲಿ ಟಟು, ಇಲ್ಲಿ ಹಹು. ಮರ ಅಲ್ಲಿ ಮ್ಟಿ, ಇಲ್ಲಿ ಮುಹಿ. ಹಳಗನ್ನಡದ ಪಾಲು ಹಾಲಾದಷ್ಟೇ ಕ್ರಮಬದ್ಧ ಬದಲಾವಣೆ. ಕ್ರಾಫ್ ಕೋಶದಲ್ಲಿರುವ ಇನ್ನೊಂದು ಭಾಷೆ ಕಾಂಬಾದಲ್ಲೂ ಮರವೆಂದರೆ ಮುಟಿ; ಆದ್ದರಿಂದ ಟಕಾರವೇ ಹಳೆಯದು.

ಸಂಖ್ಯಾಪದಗಳನ್ನು ಗಿರ್ಯಾಮ ಉಳಿಸಿಕೊಂಡಿತು, ಟಕಾರವನ್ನು ಸ್ವಾಹಿಲಿ. ಇಂದಿನ ರೂಪಗಳಲ್ಲಿ ಒಂದು ಇನ್ನೊಂದರಿಂದ ಹುಟ್ಟಿದ್ದರೆ ಹೀಗೆ ಹಂಚಿಹೋಗುತ್ತಿರಲಿಲ್ಲ. ಡೆರೆಕ್ ನರ್ಸ್ ಮತ್ತು ಥಾಮಸ್ ಹಿನ್ನೆಬುಶ್ 1993ರ ತಮ್ಮ ದೊಡ್ಡ ಗ್ರಂಥದಲ್ಲಿ ಸ್ವಾಹಿಲಿ, ಮಿಜಿಕೆಂಡ, ಕೊಮೊರೊ, ಪೊಕೊಮೊ, ಎಲ್ವಾನಾ ಇವಿಷ್ಟನ್ನೂ ಸಬಾಕಿ ಎಂಬ ಒಂದೇ ಬಳಗದ ಸೋದರ ಭಾಷೆಗಳೆಂದು ವಿವರವಾಗಿ ತೋರಿಸಿದ್ದಾರೆ. ಕ್ರಾಫ್ ಕೋಶದಲ್ಲಿ ಪೊಕೊಮೊಗೂ ಜಾಗವಿದೆ. ಟಾನಾ ನದಿದಂಡೆಯ ಆ ಭಾಷೆಯ ಸಂಖ್ಯೆಗಳನ್ನು ಈಗ ಓದುತ್ತಿದ್ದೇನೆ.