ಮಾಗಿಯ ಚಳಿ ಮತ್ತು ಮಗುವಿನ ಮೊದಲ ಹೆಜ್ಜೆ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಬಗ್ಗೆ ಬರೆಯಲೆಂದು ಕಳೆದ ಮಾಗಿಯಲ್ಲಿ ಅಲ್ಲಿಗೆ ಹೋಗಿದ್ದೆ. ಬಿಸಿಲು ಇನ್ನೂ ಏರಿರಲಿಲ್ಲ. ಊರೊಳಗಿನ ಮನೆಯೊಂದರ ಜಗುಲಿಯಲ್ಲಿ, ತಲೆಗೆ ಉಣ್ಣೆಯ ಕುಲಾವಿ, ಮೈಗೆ ಒಂದರ ಮೇಲೊಂದು ಎರಡು ಸ್ವೆಟರು ತೊಟ್ಟ ಹದಿಮೂರು ತಿಂಗಳ ಗಂಡುಮಗುವೊಂದು ಕಂಬ ಹಿಡಿದು ನಿಂತಿತ್ತು. ಎಷ್ಟು ಕರೆದರೂ ಕೈ ಬಿಡಲೊಲ್ಲದು. ಪಕ್ಕದ ಮನೆಯ ಹುಡುಗಿ ಹನ್ನೊಂದನೆಯ ತಿಂಗಳಿಗೇ ನಡೆದಿದ್ದಳಂತೆ, ಹಾಗಾಗಿ ತಾಯಿಗೆ ಚಿಂತೆ. ಅಜ್ಜಿಗೆ ಮಾತ್ರ ಇಲ್ಲ. 'ಚಳಿ ಕಳೀಲಿ ಬುಡವ್ವ, ತಾನೇ ನಡೀತದೆ' ಎಂದು ರಾಗಿ ಕೇರುವುದರಲ್ಲಿ ಮಗ್ನರಾದರು.

ಅಜ್ಜಿಯ ಮಾತಿನಲ್ಲಿ ಹುರುಳಿದೆಯೇ? ಚಳಿಗೂ ಮಗುವಿನ ಹೆಜ್ಜೆಗೂ ಏನು ಸಂಬಂಧ?

ಮಗು ಬೆಳೆಯುವುದನ್ನು ಹಂತಹಂತವಾಗಿ ಗಮನಿಸುವುದು ನಮ್ಮವರಿಗೆ ಹೊಸದೇನಲ್ಲ. ಬೋರಲು ಬೀಳುವುದು, ತೆವಳುವುದು, ಅಂಬೆಗಾಲಿಡುವುದು, ತಪ್ಪು ಹೆಜ್ಜೆ ಇಡುವುದು, ತೊದಲುವುದು ಹೀಗೆ ಒಂದೊಂದಕ್ಕೂ ಕನ್ನಡದಲ್ಲಿ ಬೇರೆ ಬೇರೆ ಹೆಸರು. ಮಗು ಮೊದಲ ಸಲ ಹೊಸ್ತಿಲು ದಾಟಿದ ದಿನ ಸಿಹಿ ಮಾಡುವ ಮನೆಗಳು ಈಗಲೂ ಉಂಟು. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಲ್ಲಂತೂ ಈ ಹಂತಗಳಲ್ಲೊಂದು ಗುಡಿಯನ್ನೇ ಸೇರಿದೆ. ಅಪ್ರಮೇಯಸ್ವಾಮಿ ದೇವಾಲಯದಲ್ಲಿರುವ ನವನೀತಕೃಷ್ಣ ಬೆಣ್ಣೆ ಹಿಡಿದು ಅಂಬೆಗಾಲಿಡುತ್ತಿರುವ ಕೂಸು. ಮಕ್ಕಳಿಲ್ಲದವರು ಅಲ್ಲಿ ತೊಟ್ಟಿಲು ಹರಕೆ ಸಲ್ಲಿಸುತ್ತಾರೆ.

ಚಳಿಗಾಲಕ್ಕೇ ಮೀಸಲಾದ ಆಚರಣೆಯೂ ಒಂದಿದೆ. ಸಂಕ್ರಾಂತಿಯ ಸಂಜೆ ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಪುಟ್ಟ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಎಲಚಿ ಹಣ್ಣು, ಕಬ್ಬಿನ ಚೂರು, ಎಳ್ಳುಬೆಲ್ಲ, ಚಿಲ್ಲರೆ ಕಾಸು ಬೆರೆಸಿ ತಲೆಯ ಮೇಲಿಂದ ಸುರಿದು ಆರತಿ ಎತ್ತುತ್ತಾರೆ. ಇದು ಹಣ್ಣೆರೆಯುವುದು, ಕೆಲವೆಡೆ ಕರಿ ಎರೆಯುವುದು. ಆಂಧ್ರದವರಲ್ಲಿ ಇದೇ 'ಭೋಗಿ ಪಳ್ಳು', ಮರಾಠಿಗರಲ್ಲಿ 'ಬೋರನ್ಹಾಣ'. ಎಲಚಿ ಮಾಗುವುದು ಈ ಚಳಿಯಲ್ಲೇ. ದನಗಳಿಗೆ ಕಿಚ್ಚು ಹಾಯಿಸುವುದೇ ದೊಡ್ಡ ಹಬ್ಬವಾದ ಬೇಸಾಯದ ಮನೆಗಳಲ್ಲಿ ಇದು ಅಷ್ಟಾಗಿ ಕಾಣದು. ಇದರಲ್ಲಿ ವೈದ್ಯಶಾಸ್ತ್ರ ಹುಡುಕುವವರ ಮಾತಿಗೆ ನಾನು ತಲೆದೂಗಲಾರೆ. ಆದರೆ ಇಷ್ಟು ನಿಜ: ಹೋದ ವರ್ಷ ತಾಯಿಯ ತೊಡೆಯ ಮೇಲೆ ಅತ್ತ ಮಗು ಈ ವರ್ಷ ತಾನೇ ಓಡಾಡಿ ಕಾಸು ಆಯುವುದನ್ನು ಕೇರಿಯ ಹೆಂಗಸರೆಲ್ಲ ನೋಡುತ್ತಿದ್ದರು. ಓಡಾಡದ ಮಗುವೂ ಅವರ ಕಣ್ಣಿಗೆ ಬೀಳುತ್ತಿತ್ತು.

ಕಂಡದ್ದನ್ನು ಬರೆದಿಡುವ ಪದ್ಧತಿ ಬಂದದ್ದು ಬೇರೆ ದಾರಿಯಿಂದ. ಫ್ರಾನ್ಸಿನ ಮಾಂಬೆಯಾರ್ ಎಂಬಾತ 1759ರಲ್ಲಿ ಹುಟ್ಟಿದ ತನ್ನ ಮಗನ ಎತ್ತರವನ್ನು 1777ರವರೆಗೂ ಅಳೆದಿಟ್ಟ. ಒಂದೇ ಮಗುವಿನ ಬೆಳವಣಿಗೆಯನ್ನು ಇಷ್ಟು ದೀರ್ಘಕಾಲ ದಾಖಲಿಸಿದವರಲ್ಲಿ ಆತನೇ ಮೊದಲಿಗನೆಂದು ಹೆಸರು. ಡಾರ್ವಿನ್ ತನ್ನ ಮಗನ ಶೈಶವದ ಬಗ್ಗೆ ಮಾಡಿಕೊಂಡಿದ್ದ ಟಿಪ್ಪಣಿಗಳನ್ನು 1877ರಲ್ಲಿ ಪ್ರಕಟಿಸಿದ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಅರ್ನಾಲ್ಡ್ ಗೆಸೆಲ್ ಮಕ್ಕಳ ಚಲನಚಿತ್ರಗಳನ್ನೇ ತೆಗೆದು, ಯಾವ ವಯಸ್ಸಿಗೆ ಯಾವ ಕೆಲಸ ಎಂದು ಪಟ್ಟಿ ಮಾಡಿದ. ದೇಹ ಒಳಗಿನಿಂದ ಪಕ್ವವಾದಾಗ ಮಗು ನಡೆಯುತ್ತದೆ, ಅವಸರಿಸಿ ಫಲವಿಲ್ಲ ಎಂಬುದು ಅವನ ವಾದ. ಮಾರ್ಕೋನಹಳ್ಳಿ ಅಣೆಕಟ್ಟೆಯ ಸೈಫನ್ ಹಾಗೆ ಅನ್ನಿ. ನೀರು ಮಟ್ಟ ಮುಟ್ಟಿದರೆ ತಾನೇ ಹರಿಯುತ್ತದೆ, ಯಾರೂ ಬಾಗಿಲು ಎತ್ತಬೇಕಿಲ್ಲ.

ಮಗು ಆ ಸೈಫನ್ನಿನಷ್ಟು ಸರಳವಲ್ಲ ಎಂಬುದು ಆಮೇಲೆ ತಿಳಿಯಿತು. ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದವರು 47 ಶಿಶುಗಳನ್ನು ಗಮನಿಸಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚಳಿಗಾಲದಲ್ಲಿ ಹುಟ್ಟಿದವು ಸರಾಸರಿ 30 ವಾರಕ್ಕೆ ಅಂಬೆಗಾಲಿಟ್ಟರೆ, ಬೇಸಗೆಯಲ್ಲಿ ಹುಟ್ಟಿದವು 35 ವಾರ ತೆಗೆದುಕೊಂಡವು. ಬೇಸಗೆಯ ಕೂಸಿಗೆ ಅಂಬೆಗಾಲಿಡುವ ಕಾಲ ಬರುವುದು ಸರಿಯಾಗಿ ಚಳಿಯಲ್ಲಿ. ಮೈತುಂಬ ಬಟ್ಟೆ, ನೆಲ ತಣ್ಣಗೆ, ದಿನವೆಲ್ಲ ಯಾರದೋ ಸೊಂಟದ ಮೇಲೆ. ಹೊರಳಲು ಜಾಗವೆಲ್ಲಿ? ಅಮೆರಿಕದ ಡೆನ್ವರ್, ಜಪಾನಿನ ಒಸಾಕಾಗಳಲ್ಲೂ ಇಂಥದೇ ವ್ಯತ್ಯಾಸ ಕಂಡಿದೆ. ವರ್ಷವಿಡೀ ಮನೆಗಳನ್ನು ಒಂದೇ ಹದದಲ್ಲಿ ಬೆಚ್ಚಗಿಡುವ ಕೆನಡಾದ ಆಲ್ಬರ್ಟಾದಲ್ಲಿ ಕಾಣಲಿಲ್ಲ. ಇವೆಲ್ಲ ಅಂಬೆಗಾಲಿನ ಲೆಕ್ಕ, ನಡಿಗೆಯದಲ್ಲ. ಆದರೂ ಎರಡು ಸ್ವೆಟರಿನ ನಮ್ಮ ಹುಡುಗನನ್ನು ನೋಡಿದರೆ ಅಜ್ಜಿಯ ಮಾತನ್ನು ತಳ್ಳಿಹಾಕುವಂತಿಲ್ಲ.

ಇನ್ನು ತಾಯಿಯ ಚಿಂತೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ 816 ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆರೋಗ್ಯವಂತ ಮಗು ಆಸರೆಯಿಲ್ಲದೆ ನಡೆಯುವುದು 8.2 ತಿಂಗಳಿಂದ 17.6 ತಿಂಗಳ ನಡುವೆ ಯಾವಾಗ ಬೇಕಾದರೂ ಆಗಬಹುದು. ಅಂಬೆಗಾಲನ್ನೇ ಇಡದೆ ಎದ್ದು ನಡೆದ ಮಕ್ಕಳೂ ಅದರಲ್ಲಿದ್ದವು, ನೂರಕ್ಕೆ ನಾಲ್ಕರಷ್ಟು. ಹದಿಮೂರು ತಿಂಗಳಿಗೆ ಕಂಬ ಹಿಡಿದು ನಿಲ್ಲುವುದರಲ್ಲಿ ಗಾಬರಿಪಡುವಂಥದ್ದೇನಿಲ್ಲ. ಹದಿನೆಂಟು ತುಂಬಿದರೂ ನಡೆಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಆಗ 'ಚಳಿ ಕಳೀಲಿ' ಎನ್ನುವಂತಿಲ್ಲ.

ಹೆಜ್ಜೆ ತಡವಾದರೆ ಕಾಯಬಹುದು. ತೂಕದ ಮಾತು ಬೇರೆ. ಮಾಗಿಯಲ್ಲಿ ನೆಗಡಿ, ಕೆಮ್ಮು, ಜ್ವರ ಬಂದ ಮಗು ಎರಡು ವಾರ ಸರಿಯಾಗಿ ಉಣ್ಣದೆ ಇಳಿಯುತ್ತದೆ. ಕುಲಾವಿ, ಸ್ವೆಟರುಗಳೊಳಗೆ ಅದು ಕಾಣುವುದೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಕೇರಿಯ ಮಕ್ಕಳೆಲ್ಲ ಒಂದೇ ಸಮ ಗಿಡ್ಡವಾಗಿದ್ದರೆ ಯಾವ ಅಜ್ಜಿಯ ಕಣ್ಣಿಗೂ ಅದು ಕೊರತೆಯಾಗಿ ತೋರದು.

ಇಲ್ಲಿ ಮೈಸೂರಿನ ಕಥೆಯೊಂದನ್ನು ಹೇಳಬೇಕು. ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ದಶಕಗಳ ನಂತರ ಸಂಶೋಧಕರು ಆ ಪುಸ್ತಕ ಹಿಡಿದು, 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪತ್ತೆಹಚ್ಚಿ ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಹೊರಬಂತು. ಹುಟ್ಟುವಾಗ ಎರಡೂವರೆ ಕಿಲೋ ಮೀರದವರಲ್ಲಿ, ನಲವತ್ತೈದು ದಾಟಿದ ಮೇಲೆ ಹೃದ್ರೋಗ ಕಂಡದ್ದು ನೂರಕ್ಕೆ ಹನ್ನೊಂದು ಮಂದಿಗೆ. ದಷ್ಟಪುಷ್ಟವಾಗಿ ಹುಟ್ಟಿದವರಲ್ಲಿ ಮೂರೇ. 1934ರ ದಾದಿಗೆ ಇದರ ಸುಳಿವೂ ಇದ್ದಿರಲಾರದು. ತಕ್ಕಡಿ ತೋರಿಸಿದ್ದನ್ನು ಬರೆದಿಟ್ಟಳು, ಅಷ್ಟೆ. ಅದೇ ಆಸ್ಪತ್ರೆಯಲ್ಲಿ 1997ರಿಂದ ಮತ್ತೊಂದು ಅಧ್ಯಯನ ಶುರುವಾಗಿ, ಆಗ ಹುಟ್ಟಿದ ಮಕ್ಕಳನ್ನು ವರ್ಷವರ್ಷವೂ ಕರೆಸಿ ಅಳೆದರು.

ತಕ್ಕಡಿ ಹಳ್ಳಿಗೆ ಬಂದದ್ದು ಅಂಗನವಾಡಿಯ ಜೊತೆಗೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿ. ನರಸೀಪುರ. ಕಾರ್ಯಕರ್ತೆ ಪ್ರತಿ ತಿಂಗಳು ಮಗುವನ್ನು ತೂಗಿ ಚಾರ್ಟಿನಲ್ಲಿ ಚುಕ್ಕಿ ಇಡುತ್ತಾರೆ. ಹಸಿರು ಪಟ್ಟಿಯಲ್ಲಿದ್ದರೆ ಸರಿ, ಹಳದಿಗೆ ಇಳಿದರೆ ಎಚ್ಚರ, ಕಿತ್ತಳೆಗೆ ಬಂದರೆ ಅಪಾಯ. 2021ರಿಂದ ಈ ಲೆಕ್ಕ ಮೊಬೈಲಿಗೂ ಏರುತ್ತಿದೆ.

ಮಾರ್ಕೋನಹಳ್ಳಿಯ ಆ ತಾಯಿಯನ್ನು ಕಾರ್ಡು ಇದೆಯೇ ಎಂದು ಕೇಳಿದೆ. ಒಳಗಿನಿಂದ, ಮಡಿಕೆಯಲ್ಲಿ ಹರಿದಿದ್ದ ತಾಯಿ ಕಾರ್ಡು ತಂದರು. ಚುಕ್ಕಿಗಳೆಲ್ಲ ಹಸಿರಿನಲ್ಲೇ ಇದ್ದವು. ಡಿಸೆಂಬರಿನ ಜಾಗ ಮಾತ್ರ ಖಾಲಿ. ಚಳಿಯಲ್ಲಿ ಮಗುವಿನ ಬಟ್ಟೆ ಬಿಚ್ಚಿ ತೂಗಿಸುವುದು ಬೇಡವೆಂದು ಆ ತಿಂಗಳು ಅಜ್ಜಿಯೇ ಕಳಿಸಿರಲಿಲ್ಲವಂತೆ.