ಮೊಬೈಲ್ ಚಾರ್ಜರ್ 'ಬರೀ 5 ವೋಲ್ಟ್', ಮಗು ಬಾಯಿಗಿಟ್ಟರೂ ಏನೂ ಆಗದು ಎನ್ನುವುದು ನಿಜವೇ?

ಮಗುವೊಂದು ಚಾರ್ಜರ್ ವೈರ್ ಬಾಯಿಗಿಟ್ಟುಕೊಂಡ ಸುದ್ದಿ ಬಂದಾಗಲೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಮಾತು ಓಡಾಡುತ್ತದೆ. ಮಗುವಿರುವ ಮನೆಯಲ್ಲಿ ಚಾರ್ಜರ್ ಇಡುವುದೇ ಅಪಾಯ ಎಂಬ ಹೆದರಿಕೆ ಒಂದು. ಚಾರ್ಜರ್‌ನಿಂದ ಬರುವುದು ಬರೀ 5 ವೋಲ್ಟ್, ಶಾಕ್ ಹೊಡೆಯಲು ಸಾಧ್ಯವೇ ಇಲ್ಲ ಎಂಬ ಸಮಾಧಾನ ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ.

2023ರ ಆಗಸ್ಟ್‌ನಲ್ಲಿ ಕಾರವಾರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎಂಟು ತಿಂಗಳ ಮಗು ಚಾರ್ಜರ್‌ನ ತುದಿಯನ್ನು ಬಾಯಿಗಿಟ್ಟುಕೊಂಡು ಮೃತಪಟ್ಟಿದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಫೋನ್ ತೆಗೆದಿದ್ದರು, ಸ್ವಿಚ್ ಆನ್ ಇತ್ತು. ಹೀಗಾಗಿ ಈ ವಿಷಯವನ್ನು ಒಂದೊಂದಾಗಿ ಬಿಡಿಸಿ ನೋಡೋಣ.

'5 ವೋಲ್ಟ್‌ಗೆ ಏನೂ ಆಗದು'

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್ ವಿದ್ಯುತ್. ಚಾರ್ಜರ್ ಅದನ್ನು 5 ವೋಲ್ಟ್‌ಗೆ ಇಳಿಸುತ್ತದೆ. ಫಾಸ್ಟ್ ಚಾರ್ಜರ್ ಆದರೆ 9, 12 ಅಥವಾ 20 ವೋಲ್ಟ್‌ವರೆಗೂ ಕೊಡಬಹುದು. ಸರಿಯಾಗಿ ತಯಾರಾದ ಚಾರ್ಜರ್‌ನ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು 230 ವೋಲ್ಟ್‌ನ ಭಾಗವನ್ನೂ ವೈರ್‌ನ ತುದಿಯನ್ನೂ ಬೇರೆಬೇರೆಯಾಗಿಡುವ ಗೋಡೆಯಿದ್ದಂತೆ. ಗೋಡೆ ಗಟ್ಟಿಯಿದ್ದರೆ ತುದಿಯಿಂದ ಪ್ರಾಣಕ್ಕೆ ಅಪಾಯವಾಗುವಂಥ ಶಾಕ್ ಬರುವುದಿಲ್ಲ.

ಆದರೆ ನಕಲಿ ಚಾರ್ಜರ್‌ಗಳಲ್ಲಿ, ನೀರು ಹೊಕ್ಕ ಅಥವಾ ಬಿದ್ದು ಒಡೆದ ಚಾರ್ಜರ್‌ಗಳಲ್ಲಿ ಈ ಗೋಡೆಯೇ ಕೈಕೊಡಬಹುದು. ಆಗ ತುದಿಗೆ ನೇರವಾಗಿ ಮನೆಯ ಕರೆಂಟೇ ಬರುತ್ತದೆ. ಹೊರಗಿನಿಂದ ನೋಡಿದರೆ ಇದು ಗೊತ್ತಾಗುವುದಿಲ್ಲ. ಫೋನ್ ಎಂದಿನಂತೆ ಚಾರ್ಜ್ ಆಗುತ್ತಲೂ ಇರಬಹುದು. ಆದ್ದರಿಂದ ಚಾರ್ಜರ್ ಕೊಳ್ಳುವಾಗ ಅದರ ಮೇಲೆ ಬಿಐಎಸ್ ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಅಸಲಿಯೋ ನಕಲಿಯೋ ಪರೀಕ್ಷಿಸಬಹುದು.

ಇದಕ್ಕಿಂತ ದೊಡ್ಡ ಅಪಾಯ ಯಾವುದು?

ನಾವು ಹೆಚ್ಚು ಗಮನ ಕೊಡದ ಇನ್ನೊಂದು ಬಗೆಯ ವೈರ್ ಇದೆ. ಲ್ಯಾಪ್‌ಟಾಪ್ ಅಡಾಪ್ಟರ್, ರೇಡಿಯೋ, ಕೆಲವು ಕುಕ್ಕರ್ ಮತ್ತು ಟ್ರಿಮ್ಮರ್‌ಗಳ ವೈರ್ ಎರಡೂ ಕಡೆ ಬಿಚ್ಚಿಕೊಳ್ಳುತ್ತದೆ. ಉಪಕರಣವನ್ನು ಮಾತ್ರ ತೆಗೆದು, ಗೋಡೆಯ ಕಡೆ ಪ್ಲಗ್ ಹಾಗೇ ಬಿಟ್ಟರೆ, ನೆಲದ ಮೇಲೆ ಬಿದ್ದಿರುವ ತುದಿಯಲ್ಲಿ ಇರುವುದು 5 ವೋಲ್ಟ್ ಅಲ್ಲ, ಪೂರ್ತಿ 230 ವೋಲ್ಟ್. ಅಂಬೆಗಾಲಿಡುವ ಮಗುವಿಗೆ ಸಿಕ್ಕಿದ್ದೆಲ್ಲ ಬಾಯಿಗೇ. ಒಣ ಚರ್ಮ ವಿದ್ಯುತ್ತನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಜೊಲ್ಲಿನಿಂದ ಒದ್ದೆಯಾದ ಬಾಯಿ ತಡೆಯುವುದಿಲ್ಲ.

ಹಲ್ಲು ಬಂದ ಮಗು ವೈರನ್ನೇ ಕಚ್ಚಿದರೆ ತುಟಿಯ ಅಂಚು ಸುಟ್ಟುಹೋಗಬಹುದು. ಗಾಯ ಚಿಕ್ಕದಾಗಿ, ಬೆಳ್ಳಗೆ ಕಾಣಬಹುದು, ಮಗು ಹೆಚ್ಚು ಅಳದೆಯೂ ಇರಬಹುದು. ಅಷ್ಟಕ್ಕೇ ಸುಮ್ಮನಾಗಬೇಡಿ. ಇಂಥ ಗಾಯದ ಹಕ್ಕಳೆ ಒಂದೆರಡು ವಾರದೊಳಗೆ ಉದುರುವಾಗ ತುಟಿಯ ರಕ್ತನಾಳ ಬಾಯಿಬಿಟ್ಟು ಜೋರಾಗಿ ರಕ್ತ ಸುರಿಯಬಹುದು. ಅಂಥ ವೇಳೆ ತುಟಿಯನ್ನು ಒಳಗಿನಿಂದಲೂ ಹೊರಗಿನಿಂದಲೂ ಬೆರಳುಗಳ ನಡುವೆ ಒತ್ತಿ ಹಿಡಿದು ಆಸ್ಪತ್ರೆಗೆ ಧಾವಿಸಬೇಕು. ಅದಕ್ಕೂ ಮೊದಲು, ಗಾಯವಾದ ದಿನವೇ ವೈದ್ಯರಿಗೆ ತೋರಿಸಬೇಕು.

'ಸ್ವಿಚ್ ಆಫ್ ಮಾಡಿದರೆ ಸಾಕು'

ಬಹುಪಾಲು ಸಲ ಸಾಕು, ಎಲ್ಲ ಸಲ ಅಲ್ಲ. ವೈರಿಂಗ್ ತಪ್ಪಾಗಿದ್ದು ಸ್ವಿಚ್ ಫೇಸ್‌ನ ಬದಲು ನ್ಯೂಟ್ರಲ್ ಮೇಲೆ ಬಂದಿದ್ದರೆ, ಆಫ್ ಮಾಡಿದ ಮೇಲೂ ವೈರ್‌ನಲ್ಲಿ ಕರೆಂಟ್ ಉಳಿಯುತ್ತದೆ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ವೈರ್ ಸುತ್ತಿ ಎತ್ತರದಲ್ಲಿಡುವುದೇ ಸರಿಯಾದ ಕ್ರಮ.

'ಮನೆಯಲ್ಲಿ ಎಂಸಿಬಿ ಇದೆ, ಶಾಕ್ ಆಗದು'

ಇದು ತಪ್ಪು. ಎಂಸಿಬಿ ಇರುವುದು ವೈರಿಂಗ್ ಸುಟ್ಟುಹೋಗದಂತೆ ನೋಡಿಕೊಳ್ಳಲು. 16 ಆಂಪಿಯರ್ ಎಂಸಿಬಿ ಎಂದರೆ 16,000 ಮಿಲಿ ಆಂಪಿಯರ್. ಮನುಷ್ಯನ ಹೃದಯದ ಬಡಿತ ತಪ್ಪಲು ಕೆಲವು ಹತ್ತು ಮಿಲಿ ಆಂಪಿಯರ್ ಸಾಕು. ಜನರನ್ನು ಕಾಯುವುದು ಆರ್‌ಸಿಸಿಬಿ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಕರೆಂಟ್ ದೇಹದ ಮೂಲಕ ನೆಲಕ್ಕೆ ಸೋರಿದ ಕ್ಷಣಾರ್ಧದಲ್ಲಿ ಲೈನ್ ಕಡಿಯುತ್ತದೆ. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ಕೆಲಸ ಮಾಡುತ್ತಿದೆಯೇ ನೋಡಿ.

ಆದರೆ ಆರ್‌ಸಿಸಿಬಿಗೂ ಒಂದು ಮಿತಿಯಿದೆ. ಮಗು ವೈರ್ ಕಚ್ಚಿದಾಗ ಕರೆಂಟ್ ನೆಲಕ್ಕೆ ಹೋಗದೆ, ಬಾಯಿಯೊಳಗೇ ಫೇಸ್‌ನಿಂದ ನ್ಯೂಟ್ರಲ್‌ಗೆ ಹರಿದರೆ ಅದಕ್ಕೆ ಸೋರಿಕೆ ಗೊತ್ತಾಗುವುದಿಲ್ಲ. ಹಾಗಾಗಿ ಯಾವ ಉಪಕರಣ ಹಾಕಿಸಿದರೂ ವೈರ್ ಮಗುವಿನ ಕೈಗೆ ಸಿಗದಂತೆ ನೋಡಿಕೊಳ್ಳುವುದು ತಪ್ಪುವುದಿಲ್ಲ.

ಶಾಕ್ ಒಂದೇ ಅಪಾಯವಲ್ಲ

ವೈರ್‌ನಲ್ಲಿ ಕರೆಂಟ್ ಇಲ್ಲದಿದ್ದರೂ ಅದು ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ತೊಟ್ಟಿಲು, ಜೋಲಿಯ ಪಕ್ಕದಲ್ಲೇ ಟೇಬಲ್ ಫ್ಯಾನ್ ವೈರ್ ಎಳೆಯುವುದು, ಮಂಚದ ಮೇಲೆ ಚಾರ್ಜರ್ ತೂಗುಬಿಡುವುದು ಬೇಡ. ಮಗು ಮಲಗುವ ಜಾಗದಿಂದ ಯಾವ ವೈರ್ ಆದರೂ ಕನಿಷ್ಠ ಮೂರು ಅಡಿ ದೂರವಿರಲಿ.

ನಿಂತು ಹೆಜ್ಜೆಯಿಡಲು ಕಲಿಯುವ ಮಗು ಇಳಿಬಿದ್ದ ವೈರನ್ನು ಹಿಡಿದು ಜಗ್ಗುತ್ತದೆ. ಅದರ ಜೊತೆ ಇಸ್ತ್ರಿಪೆಟ್ಟಿಗೆ, ಬಿಸಿನೀರಿನ ಕೆಟಲ್, ಟಿವಿ ಮೈಮೇಲೆ ಬೀಳಬಹುದು. ಬಕೆಟ್‌ನಲ್ಲಿ ನೀರು ಕಾಯಿಸುವ ಹೀಟರ್ ರಾಡ್ ಇದ್ದರೆ, ಆ ಬಚ್ಚಲಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ.

ಮನೆಯಲ್ಲಿ ಮಾಡಬೇಕಾದ್ದು

• ಮಂಡಿಯೂರಿ, ಮಗುವಿನ ಎತ್ತರದಿಂದ ಒಮ್ಮೆ ಕೋಣೆಯನ್ನು ನೋಡಿ. ಮಂಚದ ಕೆಳಗಿನ, ಸೋಫಾ ಹಿಂದಿನ ವೈರ್‌ಗಳು ಆಗ ಕಾಣುತ್ತವೆ.
• ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲೆ ಬೇಡ. ಗೋಡೆಗೆ ಎತ್ತರದಲ್ಲಿ ಬಿಗಿಸಿ.
• ಕೆಳಗಿರುವ ಸಾಕೆಟ್‌ಗಳಿಗೆ ಒಳಗೆ ಷಟರ್ ಇರುವಂಥವನ್ನೇ ಹಾಕಿಸಿ.
• ವೈರನ್ನು ಚಾಪೆ, ಜಮಖಾನದ ಕೆಳಗೆ ಮುಚ್ಚಿಡಬೇಡಿ. ತುಳಿದು ತುಳಿದು ಹರಿದರೂ ಕಾಣುವುದಿಲ್ಲ, ಬಿಸಿಯೂ ಆಗುತ್ತದೆ. ಗೋಡೆಯಂಚಿಗೆ ಕ್ಲಿಪ್ ಹೊಡೆಯಿರಿ.
• ಹರಿದ ವೈರ್‌ಗೆ ಟೇಪ್ ಸುತ್ತಿ ಮುಂದುವರಿಸಬೇಡಿ, ಬದಲಿಸಿ.
• ಹಾಳಾದ ಚಾರ್ಜರ್ ಅನ್ನು ಆಟಿಕೆಯಾಗಿ ಕೊಡಬೇಡಿ. ಹಾಳಾದದ್ದು ಯಾವುದು, ಚಾಲೂ ಇರುವುದು ಯಾವುದು ಎಂದು ಮಗುವಿಗೆ ಗೊತ್ತಾಗುವುದಿಲ್ಲ.

ಶಾಕ್ ಹೊಡೆದರೆ?

ಮಗುವನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಅದು ತಕ್ಷಣ ಆಗದಿದ್ದರೆ ಒಣಗಿದ ಮರದ ಕೋಲು ಅಥವಾ ಪ್ಲಾಸ್ಟಿಕ್‌ನಿಂದ ವೈರನ್ನು ದೂರ ತಳ್ಳಿ. ಉಸಿರಾಟವಿಲ್ಲದಿದ್ದರೆ ಕೂಡಲೇ ಸಿಪಿಆರ್ ಶುರುಮಾಡಿ. 108 ಅಥವಾ 112ಕ್ಕೆ ಕರೆ ಮಾಡಿ ಸ್ಪೀಕರ್ ಹಾಕಿಟ್ಟುಕೊಳ್ಳಿ. ವರ್ಷದೊಳಗಿನ ಮಗುವಿಗೆ ಎದೆಯ ನಡುವೆ ಎರಡೂ ಹೆಬ್ಬೆರಳುಗಳಿಂದ ಸುಮಾರು 4 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. 30 ಸಲ ಒತ್ತಿದ ಮೇಲೆ 2 ಉಸಿರು ಕೊಡಬೇಕು.

ಶಾಕ್ ಹೊಡೆದವರನ್ನು ಮಣ್ಣಿನಲ್ಲಿ ಹೂತರೆ ಕರೆಂಟ್ ಇಳಿಯುತ್ತದೆ ಎಂಬ ಮಾತನ್ನು ನಂಬಬೇಡಿ. ವೈರ್ ಬಿಡಿಸಿದ ಮೇಲೆ ದೇಹದಲ್ಲಿ ಕರೆಂಟ್ ಉಳಿಯುವುದೇ ಇಲ್ಲ. ಹೂಳುವುದರಲ್ಲಿ ಕಳೆಯುವ ಆ ಕೆಲವು ನಿಮಿಷಗಳೇ ಜೀವ ಉಳಿಸಬಹುದಾದ ನಿಮಿಷಗಳು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಅರಿಶಿನ ಹಚ್ಚುವುದೂ ಬೇಡ.

ಒಟ್ಟಿನಲ್ಲಿ, '5 ವೋಲ್ಟ್‌ಗೆ ಏನೂ ಆಗದು' ಎನ್ನುವುದು ಚಾರ್ಜರ್ ಸರಿಯಿರುವವರೆಗೆ ಮಾತ್ರ ನಿಜ. ನಿಮ್ಮ ಮನೆಯ ಚಾರ್ಜರ್ ಇವತ್ತೂ ಸರಿಯಿದೆಯೇ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಆ ಅನುಮಾನದ ಭಾರ ಮಗುವಿನ ಮೇಲೆ ಬೀಳುವುದು ಬೇಡ. ಇದನ್ನು ಬೇರೆಯವರಿಗೆ ಕಳಿಸುವ ಮುನ್ನ, ನಿಮ್ಮ ಮನೆಯಲ್ಲಿ ಈಗ ಫೋನ್ ಇಲ್ಲದೆ ತೂಗುತ್ತಿರುವ ಚಾರ್ಜರ್ ಅನ್ನು ಕಿತ್ತಿಡಿ.