ಊರಿಗೆ ಮರಳದ ಕವಿ ಕ್ಲಾಡ್ ಮೆಕೇ

ಜಮೈಕಾದ ಕ್ಲಾರೆಂಡನ್ ಗುಡ್ಡಗಾಡಿನ ರೈತ ಕುಟುಂಬದಲ್ಲಿ 1890ರಲ್ಲಿ ಹುಟ್ಟಿದ ಕ್ಲಾಡ್ ಮೆಕೇಗೆ ಎರಡು ಭಾಷೆಗಳಿದ್ದವು. ಒಂದು, ಶಾಲಾ ಮಾಸ್ತರನಾಗಿದ್ದ ಅಣ್ಣ ಕಲಿಸಿದ ಇಂಗ್ಲಿಷ್. ಇನ್ನೊಂದು, ಸುತ್ತಲಿನ ಜನರ ಆಡುಮಾತು ಪಟ್ವಾ. ಆಫ್ರಿಕಾದಿಂದ ಗುಲಾಮರಾಗಿ ಬಂದವರು ಒಡೆಯರ ಇಂಗ್ಲಿಷನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಕಟ್ಟಿದ ಮಾತು ಅದು. ಓದಿದವರ ಕಣ್ಣಿಗೆ ಮಾತ್ರ ಹರಕುಮುರುಕು ಇಂಗ್ಲಿಷ್. ಮನೆಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಆಡಿ ಬೆಳೆದವರಿಗೆ ಈ ಇಕ್ಕಟ್ಟು ಹೊಸದೇನಲ್ಲ.

ಆಡುಮಾತಿನಲ್ಲೇ ಬರೆಯುವಂತೆ ಮೆಕೇಯನ್ನು ಹುರಿದುಂಬಿಸಿದವನು, ಜಮೈಕಾದ ಜನಪದ ಹಾಡು-ಕತೆಗಳನ್ನು ಸಂಗ್ರಹಿಸಿದ್ದ ಆಂಗ್ಲ ವಾಲ್ಟರ್ ಜೆಕಿಲ್. 1912ರಲ್ಲಿ ಪಟ್ವಾ ಕವಿತೆಗಳ ಎರಡು ಸಂಕಲನಗಳು ಬಂದವು. ಒಂದರಲ್ಲಿ ಮೆಕೇ ಪೊಲೀಸ್ ಪೇದೆಯಾಗಿದ್ದ ದಿನಗಳ ಅನುಭವವಿದೆ. ಅದೇ ವರ್ಷ ಓದಲೆಂದು ಅಮೆರಿಕಕ್ಕೆ ಹೋದವನು ಮತ್ತೆಂದೂ ಊರು ಕಾಣಲಿಲ್ಲ.

1919ರಲ್ಲಿ ಅಮೆರಿಕದ ಹಲವು ನಗರಗಳಲ್ಲಿ ಬಿಳಿಯರ ಗುಂಪುಗಳು ಕರಿಯರ ಕೇರಿಗಳ ಮೇಲೆರಗಿದವು. ಆಗ ಮೆಕೇ ರೈಲಿನ ಊಟದ ಬೋಗಿಯಲ್ಲಿ ಮಾಣಿ. 'ಇಫ್ ವಿ ಮಸ್ಟ್ ಡೈ' ಎಂಬ ಸಾನೆಟ್ ಬರೆದ. ಪ್ರಕಾರ ಷೇಕ್ಸ್‌ಪಿಯರನದು, ಸಿಟ್ಟು ದಮನಿತರದು. ಅದರಲ್ಲಿ ಕಪ್ಪು, ಬಿಳಿ ಎಂಬ ಪದಗಳೇ ಇಲ್ಲ. ಹಾಗಾಗಿಯೇ ಗೋಡೆಗೆ ಒತ್ತರಿಸಲ್ಪಟ್ಟ ಯಾರು ಬೇಕಾದರೂ ಅದನ್ನು ತಮ್ಮದೆನ್ನಬಹುದು.

1922ರಲ್ಲಿ ಮಾಸ್ಕೋಗೆ ಹೋಗಿ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್‌ನಲ್ಲಿ ಮಾತಾಡಿದ. ಹಿಂದೊಮ್ಮೆ ಪೇದೆಯಾಗಿದ್ದವನ ಬೆನ್ನಿಗೆ ಅಮೆರಿಕದ ಗೂಢಚಾರರು ಬಿದ್ದರು. ಮುಂದಿನ ಹನ್ನೆರಡು ವರ್ಷ ಯುರೋಪು, ಮೊರಾಕ್ಕೊಗಳಲ್ಲಿ ಅಲೆದಾಟ. 1928ರ ಕಾದಂಬರಿ 'ಹೋಮ್ ಟು ಹಾರ್ಲೆಮ್' ಚೆನ್ನಾಗಿ ಮಾರಾಟವಾಯಿತು. ಆದರೆ ಕರಿಯರ ಹಿರಿಯ ಚಿಂತಕ ಡು ಬಾಯ್ಸ್ ಅದನ್ನು ಕಟುವಾಗಿ ಟೀಕಿಸಿದ. ಕುಡಿತ, ಮೋಜುಗಳನ್ನು ತೋರಿಸಿದರೆ ಸಮುದಾಯದ ಮಾನ ಉಳಿಯುವುದೇ ಎಂಬುದು ಆ ಟೀಕೆಯ ಒಳದನಿ. ಕೂಲಿಗಳ ಬದುಕನ್ನು ತೊಳೆದು ಶುಭ್ರಗೊಳಿಸಿ ತೋರಿಸಲು ಮೆಕೇ ಸಿದ್ಧನಿರಲಿಲ್ಲ. ಮರುವರ್ಷ ಮಾರ್ಸೇಲ್ಸ್ ಬಂದರಿನ ಅಲೆಮಾರಿಗಳ ಕತೆ 'ಬ್ಯಾಂಜೋ' ಬರೆದ. ಫ್ರೆಂಚ್ ವಸಾಹತುಗಳ ಸೆಂಘೋರ್, ಸೆಝೇರರಂಥ ಯುವಕವಿಗಳು ಅದರಿಂದ ಪ್ರೇರಣೆ ಪಡೆದರು.

1933ರ 'ಬನಾನಾ ಬಾಟಮ್' ಕಾದಂಬರಿಯಲ್ಲಿ ಮೆಕೇ ಜಮೈಕಾಕ್ಕೆ ಮರಳಿದ, ಬರವಣಿಗೆಯಲ್ಲಿ ಮಾತ್ರ. ಮಿಷನರಿಗಳು ಇಂಗ್ಲೆಂಡಿನಲ್ಲಿ ಓದಿಸಿದ ರೈತರ ಹುಡುಗಿ ಬೀಟಾ ಹಳ್ಳಿಗೆ ಬಂದು ಒಬ್ಬ ಗಾಡಿಯವನನ್ನು ಮದುವೆಯಾಗುತ್ತಾಳೆ. ಓದಿದ್ದನ್ನು ಆಕೆ ಬಿಡುವುದಿಲ್ಲ, ತನ್ನವರನ್ನೂ ಬಿಡುವುದಿಲ್ಲ. ಆಡುಮಾತು ಮತ್ತೆ ಪಾತ್ರಗಳ ಬಾಯಲ್ಲಿ ಕೇಳಿಸುತ್ತದೆ. ಪುಸ್ತಕ ಮಾರಾಟವಾಗಲಿಲ್ಲ.

1948ರಲ್ಲಿ ಮೆಕೇ ಷಿಕಾಗೋದಲ್ಲಿ ತೀರಿಕೊಂಡ. 1941ರಲ್ಲಿ ಬರೆದಿಟ್ಟಿದ್ದ ಒಂದು ಕಾದಂಬರಿಯ ಹಸ್ತಪ್ರತಿ 2009ರಲ್ಲಿ ಸಿಕ್ಕಿ, 2017ರಲ್ಲಿ ಅಚ್ಚಾಯಿತು. ಅಮೆರಿಕ ಇಂದು ಆತನನ್ನು ತನ್ನ ಕವಿ ಎನ್ನುತ್ತದೆ, ಜಮೈಕಾ ತನ್ನವನೆನ್ನುತ್ತದೆ. ಬೀಟಾಳಿಗೆ ಕೊಟ್ಟ ಮನೆದಾರಿ ಮಾತ್ರ ಆತನಿಗೆ ದಕ್ಕಲಿಲ್ಲ.